ಕಟ್ಟಿಗೆ ಬೇಲಿ, ಕಲ್ಲುಕಂಬ, ಜಾಲರಿ: ಅಡಿಗೆ ಎಷ್ಟು ಬಿತ್ತು?

ಬೇಲಿ ಹಾಕಿಸಬೇಕು ಅಂತ ಕೊಪ್ಪಳದಲ್ಲಿ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ "ಅಡಿಗೆ ಇಷ್ಟು" ಅಂತ. ಆ ಒಂದು ಅಂಕಿ ಹಿಡಿದುಕೊಂಡು ಕಟ್ಟಿಗೆ ಬೇಲಿಯನ್ನೂ ತಂತಿ ಬೇಲಿಯನ್ನೂ ತೂಗಿ ನೋಡಲು ಆಗುವುದಿಲ್ಲ. ಬೇಲಿ ನಿಲ್ಲುವುದೂ ಬೀಳುವುದೂ ನೆಲದೊಳಗಿನ ಕಂಬದಿಂದ. ಅದಕ್ಕೇ ದರ ಕೇಳುವಾಗ ಮೊದಲು ಕಂಬದ ಮಾತು ಆಡಿ, ಹಲಗೆಯ ಮಾತು ಆಮೇಲೆ.

ನಮ್ಮ ಮನೆಯ ಮುಂದೆ ಬೇವಿನ ಹಲಗೆಯ ಬೇಲಿ ಇದೆ. ಪಕ್ಕದಲ್ಲಿ ಕಲ್ಲುಕಂಬಕ್ಕೆ ಜಾಲರಿ. ಹಿತ್ತಲಲ್ಲಿ ಸರ್ವೆ ಕಂಬಕ್ಕೆ ಮುಳ್ಳುತಂತಿ. ಯಲಬುರ್ಗಾ ಕಡೆಯ ಹೊಲದಲ್ಲಿ ಕಲ್ಲುಕಂಬ, ಮುಳ್ಳುತಂತಿ. ನಾಲ್ಕೂ ಕೈಯಾರೆ ಹಾಕಿಸಿದವು. ಕೆಳಗಿನ ದರ ನನಗೆ ಬಿದ್ದದ್ದು. ನಿಮ್ಮೂರಲ್ಲಿ ಸ್ವಲ್ಪ ಆಚೀಚೆ ಇರಬಹುದು, ಲೆಕ್ಕ ಹಾಕುವ ದಾರಿ ಮಾತ್ರ ಅದೇ.

ಕಟ್ಟಿಗೆಯನ್ನು ಅಡ್ಡೆಯಲ್ಲಿ (ಕಟ್ಟಿಗೆ ಮಾರುವ ಜಾಗ) ಸಿಎಫ್‌ಟಿ, ಅಂದರೆ ಘನ ಅಡಿ, ಲೆಕ್ಕದಲ್ಲಿ ಕೊಡುತ್ತಾರೆ. ಬಡಿಗೇರರು ನಮಗೆ ಅಡಿ ಲೆಕ್ಕ ಹೇಳುತ್ತಾರೆ. ಈ ಎರಡರ ನಡುವೆ ಏನಿದೆ ಅಂತ ಗೊತ್ತಿರಬೇಕು. 4 ಅಡಿ ಎತ್ತರ, 4 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಹಲಗೆ ತೆಗೆದುಕೊಳ್ಳಿ. ಅಂಥವು 12 ಸೇರಿದರೆ ಸರಿಯಾಗಿ 1 ಸಿಎಫ್‌ಟಿ. ನಡುವೆ 2 ಇಂಚು ಸಂದು ಬಿಟ್ಟು ಹೊಡೆದರೆ ಆ 12 ಹಲಗೆಗೆ 6 ಅಡಿ ಬೇಲಿ ಆಗುತ್ತದೆ. ಮೇಲೊಂದು, ಕೆಳಗೊಂದು 3 ಬೈ 2 ಇಂಚಿನ ಅಡ್ಡಪಟ್ಟಿಗೆ ಅರ್ಧ ಸಿಎಫ್‌ಟಿ. ಅಂದರೆ ಕಂಬ ಬಿಟ್ಟು 6 ಅಡಿಗೆ ಒಂದೂವರೆ ಸಿಎಫ್‌ಟಿ. ಬೇವು ನನಗೆ ಸಿಎಫ್‌ಟಿಗೆ 900 ರೂಪಾಯಿಗೆ ಸಿಕ್ಕಿತು. ಅಲ್ಲಿಗೆ ಅಡಿಗೆ 225.

ಈಗ ಕಂಬ. 4 ಬೈ 4 ಇಂಚಿನ, 6 ಅಡಿ ಉದ್ದದ ಬೇವಿನ ಕಂಬ ಒಂದಕ್ಕೆ ಮೂರರಲ್ಲಿ ಎರಡು ಪಾಲು ಸಿಎಫ್‌ಟಿ ಹೋಗುತ್ತದೆ. ಅಂದರೆ 600 ರೂಪಾಯಿ. ಅಷ್ಟೇ ಉದ್ದದ ಕಲ್ಲುಕಂಬ ಮನೆ ಬಾಗಿಲಿಗೆ ತಂದು ಇಳಿಸಿದ್ದು 300ಕ್ಕೆ. ಕಲ್ಲಿಗೆ ಬರವಿಲ್ಲದ ಸೀಮೆ ನಮ್ಮದು, ಅಲ್ವಾ? ಬಡಿಗೇರಣ್ಣ ಒಂದೇ ಮಾತಲ್ಲಿ ಮುಗಿಸಿಬಿಟ್ಟ: "ಕಂಬ ಕಲ್ಲಿಂದು ನೆಡಸ್ರಿ ಸರ, ಹಲಗಿ ನಾ ಹೊಡಿತೀನಿ. ನೆಲಕ್ಕ ಕಟಗಿ ಮುಟ್ಟಬಾರ್ದು."

ಹಾಗೇ ಮಾಡಿಸಿದೆವು. ಕಲ್ಲಿಗೆ ತೂತು ಹೊಡೆದು ಅಡ್ಡಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿದರು. ಹಲಗೆಯ ಕೆಳತುದಿ ನೆಲದಿಂದ ಮೂರು ಬೆರಳು ಮೇಲೆ ನಿಂತಿದೆ. ಕಂಬ, ಗುಂಡಿ, ಕಾಂಕ್ರೀಟು, ಸ್ಕ್ರೂ, ಅಗಸೆ ಎಣ್ಣೆ, ಕೂಲಿ ಎಲ್ಲ ಸೇರಿ ಅಡಿಗೆ 425ರ ಹತ್ತಿರ ಬಿತ್ತು. ಕಂಬವೂ ಬೇವಿನದೇ ಆಗಿದ್ದರೆ 475 ದಾಟುತ್ತಿತ್ತು. ಜಾಸ್ತಿ ಬಾಳುವುದು ಕಡಿಮೆ ದುಡ್ಡಿಗೆ ಸಿಗುವುದು ಅಪರೂಪ. ಇಲ್ಲಿ ಸಿಕ್ಕಿತು.

ಕಟ್ಟಿಗೆ ನೆಲ ಮುಟ್ಟಿದರೆ ಏನಾಗುತ್ತದೆ ಅಂತ ನಮ್ಮ ಹಿತ್ತಲಿನ ಸರ್ವೆ ಕಂಬಗಳೇ ತೋರಿಸುತ್ತಿವೆ. ಮೇಲಿಂದ ನೋಡಿದರೆ ಗಟ್ಟಿಯಾಗೇ ಇವೆ. ಬುಡದ ಮಣ್ಣು ಕೆದರಿದರೆ ಗೊತ್ತಾಗುತ್ತದೆ. ನೆಲಮಟ್ಟದಲ್ಲಿ ಒಂದು ಗೇಣಿನಷ್ಟು ಜಾಗ ಉಗುರು ಊರಿದರೆ ಪುಡಿಯಾಗುತ್ತದೆ, ಒಳಗೆಲ್ಲ ಗೆದ್ದಲಿನ ಮಣ್ಣು. ಅದಕ್ಕಿಂತ ಕೆಳಗೆ ಹೂತ ಭಾಗ ಇನ್ನೂ ಚೆನ್ನಾಗಿದೆ. ಆಳದಲ್ಲಿ ಗಾಳಿ ಇಲ್ಲ, ಮೇಲೆ ತೇವ ಇಲ್ಲ. ಎರಡೂ ಸೇರುವುದು ನೆಲಮಟ್ಟದಲ್ಲಿ, ಕೊಳೆಯುವುದೂ ಅಲ್ಲೇ. ಡಾಂಬರು ಬಳಿಯುವವರು ಕಂಬದ ಕೆಳತುದಿಗಷ್ಟೇ ಬಳಿದು ಬಿಡುತ್ತಾರೆ. ನೆಲದ ಮೇಲೆ ಒಂದು ಗೇಣು ಬರುವವರೆಗೂ ಬಳಿಸಬೇಕು. ಈ ಬೇಲಿ ಅಡಿಗೆ 50 ರೂಪಾಯಿಗೆ ಆಗಿತ್ತು. ಎರಡು ಮಳೆಗಾಲ ತಡೆದರೆ ಸಾಕು ಅನ್ನುವ ಜಾಗಕ್ಕೆ ಸರಿ.

ಬೇವಿಗೆ ಹುಳ ಬರಲ್ಲ ಅನ್ನುವವರು ತುಂಬ ಜನ. ಚೇಗಿನ, ಅಂದರೆ ಮರದ ನಡುವಿನ ಗಟ್ಟಿ ತಿರುಳಿನ, ಮಟ್ಟಿಗೆ ಆ ಮಾತನ್ನು ಒಪ್ಪಬಹುದು. ಅಂಚಿನ ಬಿಳಿ ಭಾಗಕ್ಕೆ ಖಂಡಿತ ಬರುತ್ತದೆ. ಅಡ್ಡೆಯಲ್ಲಿ ನಿಂತು ಒಂದೊಂದೇ ಹಲಗೆ ತಿರುಗಿಸಿ ನೋಡಿ, ಬಿಳಿ ಅಂಚು ಅಗಲ ಇದ್ದದ್ದನ್ನು ಪಕ್ಕಕ್ಕೆ ಇಡಿಸಿ. ಹಸಿ ಕಟ್ಟಿಗೆಯಂತೂ ಬೇಡವೇ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಹಲಗೆ ಸೊಟ್ಟಗಾಗಿ ಮೊಳೆ ಕಿತ್ತು ಬರುತ್ತದೆ. ಅದಕ್ಕೇ ಮೊಳೆ ಬದಲು ಸ್ಕ್ರೂ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕಲ್ಲಿಗೂ ತಂತಿಗೂ ಆ ಖರ್ಚಿಲ್ಲ.

ಜಾಲರಿ ಬೇಲಿ 5 ಅಡಿ ಎತ್ತರಕ್ಕೆ, 8 ಅಡಿಗೊಂದು ಕಲ್ಲು ನೆಟ್ಟು, ಅಡಿಗೆ 180 ಬಿತ್ತು. ಇಲ್ಲಿ ನೋಡಬೇಕಾದದ್ದು ಗೇಜ್. ನಂಬರ್ ದೊಡ್ಡದಾದಷ್ಟೂ ತಂತಿ ಸಣ್ಣದು. 10 ಗೇಜ್ ತಂತಿಯ ದಪ್ಪ 3.25 ಮಿಲಿಮೀಟರ್, 12 ಗೇಜಿನದು 2.64. ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ, ತೂಕದಲ್ಲಿ ಮಾತ್ರ ಒಂದೂವರೆ ಪಟ್ಟು. ಒಬ್ಬ ವ್ಯಾಪಾರಿ "ಹತ್ತು ಗೇಜ್" ಅಂತ ಹೇಳಿ 12ರ ಸುರುಳಿ ಮುಂದಿಟ್ಟ. ಮಗ್ಗುಲಲ್ಲಿದ್ದ ಇನ್ನೊಂದು ಸುರುಳಿಯ ಜೊತೆ ತಕ್ಕಡಿಗೆ ಹಾಕಿಸಿದ ಮೇಲೆ ಬದಲಿಸಿ ಕೊಟ್ಟ. ಜಾಲರಿಯನ್ನು ಕೆಜಿ ಲೆಕ್ಕದಲ್ಲೇ ಕೊಳ್ಳಿ.

ಹೊಲಕ್ಕೆ ಬಂದರೆ ಹಲಗೆಯ ಮಾತೇ ಬೇಡ. ಚೌಕವಾಗಿರುವ 1 ಎಕರೆಯ ಸುತ್ತಳತೆ ಸುಮಾರು 835 ಅಡಿ. ಹಲಗೆ ಹಾಕಿಸಿದರೆ ಮೂರೂವರೆ ಲಕ್ಷ, ಜಾಲರಿಗೆ ಒಂದೂವರೆ ಲಕ್ಷ, ಐದೆಳೆ ಮುಳ್ಳುತಂತಿಗೆ 80 ಸಾವಿರದ ಒಳಗೆ. ಎತ್ತು, ಎಮ್ಮೆಗೆ ಮುಳ್ಳುತಂತಿ ಸಾಕು. ಆಡು ಮಾತ್ರ ಕೆಳಗಿನ ಎರಡು ಎಳೆ ನಡುವೆ ನುಸುಳುತ್ತದೆ, ಅಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಒತ್ತಬೇಕಾಗುತ್ತದೆ. ಎರೆ ಭೂಮಿಯಾದರೆ ಗುಂಡಿಯ ಲೆಕ್ಕವೇ ಬೇರೆ. ಬೇಸಿಗೆಯಲ್ಲಿ ಕಂಬದ ಸುತ್ತ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಮಣ್ಣು ಉಬ್ಬುತ್ತದೆ, ಕಂಬ ವಾಲುತ್ತದೆ. ತೆಗೆದ ಎರೆ ಮಣ್ಣನ್ನೇ ಮತ್ತೆ ತುಂಬಿಸದೆ ಗರಸು (ಹರಳು ಮಣ್ಣು), ಕಲ್ಲು ಹಾಕಿ ಬಡಿಸಿದ ಸಾಲು ನಮ್ಮಲ್ಲಿ ನೆಟ್ಟಗೆ ನಿಂತಿದೆ. ಮೂಲೆ ಕಂಬಕ್ಕೆ ಎರಡೂ ಕಡೆ ಆಸರೆ ಕಲ್ಲು ಬೇಕು. ಕೆಲವರು ಇದನ್ನು ದರದಲ್ಲಿ ಸೇರಿಸದೆ ಕೊನೆಗೆ ಬೇರೆ ಬಿಲ್ ಮಾಡುತ್ತಾರೆ.

ಸಿಮೆಂಟ್ ಹಲಗೆಯ ರೆಡಿಮೇಡ್ ಕಾಂಪೌಂಡನ್ನು ನಾನು ಹಾಕಿಸಿಲ್ಲ, ದರ ಮಾತ್ರ ಕೇಳಿದೆ. 6 ಅಡಿ ಎತ್ತರಕ್ಕೆ ಅಡಿಗೆ 500 ಹೇಳಿದರು. ಮರೆ ಬೇಕಿದ್ದವರಿಗೆ ಒಳ್ಳೆಯದು. ಮನೆ ಮುಂದೆ ಗಾಳಿ ಆಡಬೇಕು ಅನ್ನುವವರಿಗೆ ಬೇಡ.

ದರ ಬರೆಸಿಕೊಳ್ಳುವಾಗ ಕಂಬ, ಹಲಗೆ, ಗುಂಡಿ, ಎಣ್ಣೆ, ಕೂಲಿ ಬೇರೆ ಬೇರೆ ಸಾಲಿನಲ್ಲಿ ಇರಲಿ. ಗೇಟು ಇನ್ನೊಂದು ಸಾಲು. ಗೇಟು ಕಂಬದ ಲೆಕ್ಕವನ್ನೂ ಬದಲಿಸುತ್ತದೆ. 6 ಅಡಿಗೊಂದರಂತೆ 30 ಅಡಿ ಬೇಲಿಗೆ 6 ಕಂಬ ಸಾಕು. ಅದೇ 30 ಅಡಿಯನ್ನು ಎರಡು ತುಂಡು ಮಾಡಿ ನಡುವೆ ಗೇಟಿಗೆ ಬೇರೆ ಜಾಗ ಬಿಟ್ಟರೆ 7 ಬೇಕು. ಗೇಟಿನ ಭಾರ ಹೊರುವ ಕಂಬ ಉಳಿದವಕ್ಕಿಂತ ದಪ್ಪ ಇರಲಿ, ಅರ್ಧ ಅಡಿ ಜಾಸ್ತಿ ಆಳಕ್ಕೆ ಹೋಗಲಿ.