ಕ್ವರ್ಕ್: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಪದವಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಕ್ವಾಂಟಮ್ ಸರ್ಕ್ಯೂಟ್ ಹೇಳಿಕೊಡುವಾಗ ಬೋರ್ಡಿನ ಮೇಲೆ ಮ್ಯಾಟ್ರಿಕ್ಸ್ ಗುಣಿಸುತ್ತಾ ಹೋದರೆ, ಮೂರನೇ ಗೇಟಿಗೆ, ಅಂದರೆ ಸ್ಥಿತಿ ಬದಲಿಸುವ ಮೂರನೇ ಹೆಜ್ಜೆಗೆ, ಬರುವಷ್ಟರಲ್ಲಿ ಅರ್ಧ ಕ್ಲಾಸು ಹಿಂದೆ ಉಳಿದಿರುತ್ತದೆ. ಎರಡು ಕ್ಯೂಬಿಟ್ಟಿಗೆ (ಕ್ವಾಂಟಮ್ ಬಿಟ್, 0 ಮತ್ತು 1 ಎರಡರ ಮಿಶ್ರಣದಲ್ಲೂ ಇರಬಲ್ಲದು) 4×4, ಮೂರಕ್ಕೆ 8×8. ಉತ್ತರ ಸರಿ ಬರಬಹುದು, ಆದರೆ ನಡುವೆ ಏನು ನಡೆಯಿತು ಅಂತ ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಆ ಕೊರತೆ ತುಂಬಿದ್ದು ಕ್ವರ್ಕ್ (Quirk).

ಇದು ಕ್ರೇಗ್ ಗಿಡ್ನಿ ಬರೆದ ಓಪನ್ ಸೋರ್ಸ್ ಸಿಮ್ಯುಲೇಟರ್. ಬ್ರೌಸರಿನಲ್ಲೇ ಓಡುತ್ತದೆ. ದುಡ್ಡಿಲ್ಲ, ಲಾಗಿನ್ ಇಲ್ಲ. ಗೇಟನ್ನು ಎಳೆದು ಗೆರೆಯ ಮೇಲೆ (ಒಂದು ಗೆರೆ ಅಂದರೆ ಒಂದು ಕ್ಯೂಬಿಟ್) ಬಿಟ್ಟರೆ ಆಗಲೇ ಸ್ಟೇಟ್, ಅಂದರೆ ಕ್ಯೂಬಿಟ್ಟುಗಳ ಸ್ಥಿತಿ, ಬದಲಾಗುತ್ತದೆ. ರನ್ ಬಟನ್ ಒತ್ತುವ ಕೆಲಸವೇ ಇಲ್ಲ. ಇದರ ನಿಜವಾದ ಬೆಲೆ ಇರುವುದು ಡಿಸ್‌ಪ್ಲೇಗಳಲ್ಲಿ. ಸಂಭವನೀಯತೆ, ಆಂಪ್ಲಿಟ್ಯೂಡ್ (ಇದರ ಗಾತ್ರದ ವರ್ಗವೇ ಸಂಭವನೀಯತೆ), ಡೆನ್ಸಿಟಿ ಮ್ಯಾಟ್ರಿಕ್ಸ್ (ಸ್ಟೇಟನ್ನು ಬರೆಯುವ ಕೋಷ್ಟಕ), ಬ್ಲಾಕ್ ಗೋಳ (ಒಂದು ಕ್ಯೂಬಿಟ್ಟಿನ ಸ್ಥಿತಿಯನ್ನು ಬಾಣವಾಗಿ ತೋರಿಸುವ ಗೋಳ), ಯಾವುದನ್ನು ಬೇಕಾದರೂ ಸರ್ಕ್ಯೂಟಿನ ಮಧ್ಯದಲ್ಲಿ ಇಡಬಹುದು. ಅಲ್ಲಿಯವರೆಗೆ ಸ್ಟೇಟ್ ಹೇಗಿದೆ ಅಂತ ತೋರಿಸುತ್ತದೆ. ನಿಜವಾದ ಕ್ವಾಂಟಮ್ ಯಂತ್ರದಲ್ಲಿ ಹೀಗೆ ನಡುವೆ ಇಣುಕಿದರೆ ಸ್ಟೇಟೇ ಕೆಟ್ಟುಹೋಗುತ್ತದೆ. ಇಲ್ಲಿ ಮಾತ್ರ ಸಿಗುವ ಸೌಕರ್ಯ ಇದು.

ಪ್ರತಿ ವರ್ಷ ನಾನು ಶುರು ಮಾಡುವುದು ಎರಡು ಕ್ಯೂಬಿಟ್ಟಿನಿಂದ. ಮೇಲಿನ ಗೆರೆಗೆ ಹ್ಯಾಡಮಾರ್ ಗೇಟ್ (0ಯನ್ನು 0 ಮತ್ತು 1ರ ಸಮ ಮಿಶ್ರಣ ಮಾಡುವುದು) ಹಾಕಿದರೆ ಬ್ಲಾಕ್ ಗೋಳದ ಬಾಣ ಪಕ್ಕಕ್ಕೆ ವಾಲುತ್ತದೆ. ಆಮೇಲೆ ಸಿನಾಟ್ (ಮೊದಲ ಕ್ಯೂಬಿಟ್ 1 ಆಗಿದ್ದರೆ ಎರಡನೆಯದನ್ನು ತಿರುಗಿಸುವ ಗೇಟ್) ಹಾಕಿದ ತಕ್ಷಣ ಎರಡೂ ಗೋಳಗಳ ಬಾಣ ಮಾಯ! ಎರಡೂ ಕುಗ್ಗಿ ನಟ್ಟನಡುವೆ ಚುಕ್ಕಿಯಾಗಿ ನಿಲ್ಲುತ್ತವೆ. ಒಮ್ಮೆ ಒಬ್ಬ ಹುಡುಗಿ, "ಸರ್, ಹಾಗಾದ್ರೆ ಮಾಹಿತಿ ಎಲ್ಲಿ ಹೋಯ್ತು?" ಅಂತ ಕೇಳಿದಳು. ನಾನು ಮಾತಾಡದೆ ಇನ್ನೊಂದು ಸಿನಾಟ್ ಎಳೆದು ಬಿಟ್ಟೆ. ಬಾಣಗಳು ವಾಪಸ್ ಬಂದವು. ಮಾಹಿತಿ ಒಂದೊಂದು ಕ್ಯೂಬಿಟ್ಟಿನಲ್ಲಿ ಇರಲಿಲ್ಲ, ಎರಡರ ನಡುವಿನ ಸಂಬಂಧದಲ್ಲಿ ಇತ್ತು. ಇದೇ ಎಂಟ್ಯಾಂಗಲ್‌ಮೆಂಟ್. ಎಂಟ್ಯಾಂಗಲ್‌ಮೆಂಟ್ ಬಗ್ಗೆ ನಾನು ಒಂದು ಗಂಟೆ ಮಾತಾಡಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಗ್ರೋವರ್ ಹುಡುಕಾಟದಲ್ಲೂ (ಹಲವು ಸಾಧ್ಯತೆಗಳಲ್ಲಿ ಸರಿಯಾದದ್ದನ್ನು ಸುತ್ತು ಸುತ್ತಾಗಿ ಹುಡುಕುವ ಕ್ವಾಂಟಮ್ ವಿಧಾನ) ಹೀಗೇ. ಮೂರು ಕ್ಯೂಬಿಟ್, ಎಂಟು ಸಾಧ್ಯತೆ, ಒಂದು ಸರಿ ಉತ್ತರ. ಒಂದು ಸುತ್ತಿಗೆ ಸರಿ ಉತ್ತರದ ಸಂಭವನೀಯತೆ ಸುಮಾರು 78%, ಎರಡನೇ ಸುತ್ತಿಗೆ 94.5%. ಜಾಸ್ತಿ ಸುತ್ತು ಹಾಕಿದಷ್ಟೂ ಒಳ್ಳೆಯದು ಅಂತ ಮಕ್ಕಳು ಮೂರನೆಯದನ್ನೂ ಸೇರಿಸುತ್ತಾರೆ. ಅದು 33%ಕ್ಕೆ ಬೀಳುತ್ತದೆ. ಪ್ರತಿ ಸುತ್ತೂ ಸ್ಟೇಟನ್ನು ಒಂದೇ ಕೋನದಷ್ಟು ತಿರುಗಿಸುತ್ತದೆ, ಗುರಿ ದಾಟಿದ ಮೇಲೂ ತಿರುಗುತ್ತಲೇ ಇರುತ್ತದೆ ಅನ್ನುವುದು ಆಗ ತಾನಾಗೇ ಹೊಳೆಯುತ್ತದೆ.

ಇನ್ನು ತೊಂದರೆಗಳು. ಮೊದಲನೆಯದು ಕ್ಯೂಬಿಟ್ಟುಗಳ ಕ್ರಮ. ಇಲ್ಲಿ ಎಲ್ಲಕ್ಕಿಂತ ಮೇಲಿನ ಗೆರೆಯೇ ಬಿಡಿ ಸ್ಥಾನ, ಅಂದರೆ ಬಲತುದಿಯ ಬಿಟ್. ಸುಮಾರು ಪಠ್ಯಪುಸ್ತಕಗಳಲ್ಲಿ ಇದು ಉಲ್ಟಾ. ಪುಸ್ತಕದಲ್ಲಿ 01 ಅಂತ ಇದ್ದದ್ದು ಇಲ್ಲಿ 10 ಆಗಿ ಕಂಡು, ಒಂದು ಇಡೀ ಮಧ್ಯಾಹ್ನ ನಾವು ಇಲ್ಲದ ತಪ್ಪನ್ನು ಹುಡುಕಿದ್ದೆವು. ಈಗ ಮೊದಲ ದಿನವೇ ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ.

ಅಳತೆಯ ವಿಷಯವೂ ಗೊತ್ತಿರಬೇಕು. ಅಳತೆ ಗೇಟ್ ಹಾಕಿದರೆ ಗೆರೆ ಜೋಡಿಗೆರೆ ಆಗುತ್ತದೆ. ಆಮೇಲೆ ಅಲ್ಲಿ ಹ್ಯಾಡಮಾರ್ ಇಡಲು ಹೋದರೆ "ನೋ ರೀಮಿಕ್ಸ್, ಸಾರಿ" (ಅಳೆದದ್ದನ್ನು ಮತ್ತೆ ಬೆರೆಸಲಾಗದು) ಅನ್ನುತ್ತದೆ. ಸಾವಿರ ಸಲ ಓಡಿಸಿ ಎಣಿಕೆ ತೆಗೆಯುವ ಪದ್ಧತಿಯೂ ಇಲ್ಲ. ಎಲ್ಲ ಫಲಿತಾಂಶಗಳನ್ನೂ ಒಟ್ಟಿಗೆ ಇಟ್ಟುಕೊಂಡು ಶೇಕಡಾವಾರು ತೋರಿಸುವುದು ಇದರ ರೀತಿ. ಪಾಠಕ್ಕೆ ಇದು ಸಾಕು.

ಮಿತಿ 16 ಕ್ಯೂಬಿಟ್, ಅಂದರೆ 65,536 ಆಂಪ್ಲಿಟ್ಯೂಡ್. ಕಲಿಯುವವರಿಗೆ ಬೇಕಾದಷ್ಟಾಯಿತು. ಆದರೆ ನಾಯ್ಸ್ (ನಿಜ ಯಂತ್ರದಲ್ಲಿ ಆಗುವ ದೋಷಗಳು) ಅಧ್ಯಯನ ಮಾಡಬೇಕು, ಎಂಟ್ರಪಿಯನ್ನು (ಎಷ್ಟು ಅನಿಶ್ಚಿತತೆ ಇದೆ ಅನ್ನುವ ಅಳತೆ) ಅಂಕಿಯಲ್ಲಿ ತೆಗೆಯಬೇಕು ಅಂದರೆ ನಾನು ಪೈಥಾನಿನ ಕ್ವಾಂಟಮ್ ಲೈಬ್ರರಿಯಾದ ಕಿಸ್ಕಿಟ್‌ಗೆ ಹೋಗುತ್ತೇನೆ. ಅಲ್ಲಿ ಪೈಥಾನಿನಲ್ಲಿ ನಾಲ್ಕು ಸಾಲು ಬರೆದು ಬೆಲ್ ಸ್ಟೇಟಿನ (ಮೇಲೆ ಹ್ಯಾಡಮಾರ್, ಸಿನಾಟ್ ಹಾಕಿ ಬಂದ ಜೋಡಿ) ಒಂದು ಕ್ಯೂಬಿಟ್ಟನ್ನು ಬೇರ್ಪಡಿಸಿ ನೋಡಿದರೆ ಎಂಟ್ರಪಿ ಸರಿಯಾಗಿ 1 ಬಿಟ್ ಬರುತ್ತದೆ. ಬಾಣ ಮಾಯವಾದದ್ದನ್ನು ಮೊದಲೇ ನೋಡಿದ ಮಕ್ಕಳಿಗೆ ಆ 1 ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಇಡೀ ಸರ್ಕ್ಯೂಟ್ ಲಿಂಕಿನ ಒಳಗೇ ಕೂತಿರುತ್ತದೆ. ನಾಲ್ಕು ವರ್ಷದ ಹಿಂದೆ ಮಕ್ಕಳಿಗೆ ಕಳಿಸಿದ ಲಿಂಕುಗಳು ಇವತ್ತೂ ಹಾಗೇ ತೆರೆಯುತ್ತವೆ. ನೆಟ್ ಇಲ್ಲದ ಲ್ಯಾಬಿಗೆ ಎಕ್ಸ್‌ಪೋರ್ಟ್ ಮೆನುವಿನಿಂದ ಆಫ್‌ಲೈನ್ ಪ್ರತಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಮೊಬೈಲಿನಲ್ಲಿ ಮಾತ್ರ ಬೇಡ. ಚಿಕ್ಕ ಪರದೆಯಲ್ಲಿ ಗೇಟುಗಳನ್ನು ಸರಿಯಾದ ಕಾಲಮ್ಮಿಗೆ ಎಳೆಯುವುದು ಕಷ್ಟ. ಹಳೆಯ ಲ್ಯಾಪ್‌ಟಾಪಾದರೂ ಪರವಾಗಿಲ್ಲ, ಮೌಸ್ ಇಟ್ಟುಕೊಂಡು ಕೂತುಕೊಳ್ಳಿ.