ಲೆವೆಟಿರಾಸಿಟಮ್, ಲ್ಯಾಮೋಟ್ರಿಜಿನ್: ಎರಡನ್ನೂ ನುಂಗಿ ನೋಡಿದ ಮೇಲೆ

ದೊಡ್ಡವರಾದ ಮೇಲೆ ಫಿಟ್ಸ್ ಶುರುವಾದವರಿಗೆ ಡಾಕ್ಟರ ಬಾಯಲ್ಲಿ ಈ ಎರಡು ಮಾತ್ರೆಗಳ ಹೆಸರು ಬೇಗ ಬರುತ್ತದೆ. ನಾನು ಮೊದಲು ಲೆವೆಟಿರಾಸಿಟಮ್ ತಗೊಂಡೆ, ಆಮೇಲೆ ಲ್ಯಾಮೋಟ್ರಿಜಿನ್‌ಗೆ ಬದಲಾದೆ. ಎರಡೂ ನನ್ನ ಫಿಟ್ಸ್ ತಡೆದವು. ಅದು ನನ್ನ ಅದೃಷ್ಟ, ಯಾಕೆಂದರೆ ಮೊದಲ ಮಾತ್ರೆಯಲ್ಲೇ ಫಿಟ್ಸ್ ನಿಲ್ಲುವುದು ಸುಮಾರು ಅರ್ಧದಷ್ಟು ಜನರಿಗೆ ಮಾತ್ರ. ಆದರೆ ಉಳಿದ ದಿನ ಹೇಗೆ ಕಳೆಯುತ್ತದೆ ಅನ್ನುವುದರಲ್ಲಿ ಎರಡಕ್ಕೂ ಅಜಗಜಾಂತರ.

ಮೊದಲು ನನ್ನದು ಯಾವ ಥರದ ಫಿಟ್ಸ್ ಅಂತ ಹೇಳಿಬಿಡುತ್ತೇನೆ. ಬಿದ್ದು ಒದ್ದಾಡುವ ಥರದ್ದಲ್ಲ. ಹೊಟ್ಟೆಯಿಂದ ಏನೋ ಎದೆಯ ಕಡೆಗೆ ಏರಿದ ಹಾಗೆ ಆಗುತ್ತದೆ, ಇದೆಲ್ಲ ಮೊದಲೇ ಒಮ್ಮೆ ನಡೆದಿದೆ ಅನಿಸುತ್ತದೆ, ಆಮೇಲೆ ಒಂದೆರಡು ನಿಮಿಷ ನಾನು ಅಲ್ಲಿರುವುದಿಲ್ಲ. ನೋಡಿದವರು ಹೇಳುವಂತೆ ಕಣ್ಣು ತೆರೆದೇ ಇರುತ್ತದೆ, ಬಾಯಿ ಏನೋ ಚಪ್ಪರಿಸುತ್ತಿರುತ್ತದೆ, ಬಲಗೈ ಬಟ್ಟೆಯ ಅಂಚನ್ನು ಎಳೆಯುತ್ತಿರುತ್ತದೆ. ಮಿದುಳಿನ ಒಂದು ಭಾಗದಲ್ಲಿ, ನನ್ನ ವಿಷಯದಲ್ಲಿ ಕಿವಿಯ ಹತ್ತಿರದ ಟೆಂಪೊರಲ್ ಭಾಗದಲ್ಲಿ, ಶುರುವಾಗುವ ಫಿಟ್ಸ್ ಇದು. ಇಡೀ ಮಿದುಳಿನಲ್ಲಿ ಒಟ್ಟಿಗೇ ಶುರುವಾಗುವವರ ಲೆಕ್ಕ ಬೇರೆ, ಅವರಿಗೆ ಮಾತ್ರೆಯ ಆಯ್ಕೆಯೂ ಬೇರೆ ಆಗಬಹುದು. ಹಾಗಾಗಿ ಇದನ್ನು ಓದಿ ನಿಮ್ಮ ಮಾತ್ರೆ ನೀವೇ ಬದಲಾಯಿಸಬೇಡಿ, ದಯವಿಟ್ಟು. ಥಟ್ಟನೆ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು.

ಲೆವೆಟಿರಾಸಿಟಮ್‌ನ ದೊಡ್ಡ ಗುಣ ಅಂದರೆ ಬೇಗ ಶುರು ಮಾಡಬಹುದು. ತಿಂಗಳುಗಟ್ಟಲೆ ಕಾಯಬೇಕಿಲ್ಲ, ಡೋಸ್ ಬೇಗ ಏರಿಸುತ್ತಾರೆ. ಬೇರೆ ಮಾತ್ರೆಗಳ ಜೊತೆ ಜಗಳ ಕಡಿಮೆ, ಯಾಕೆಂದರೆ ಇದು ಹೆಚ್ಚಾಗಿ ಕಿಡ್ನಿಯ ಮೂಲಕವೇ ಹೊರಗೆ ಹೋಗುತ್ತದೆ. ಶೀತಕ್ಕೆ ತಲೆನೋವಿಗೆ ಏನಾದರೂ ಕೊಟ್ಟರೂ ಪ್ರತಿ ಸಲ ಗಾಬರಿಯಾಗಿ ವಿಚಾರಿಸಬೇಕಾಗಿರಲಿಲ್ಲ. ಇಷ್ಟೆಲ್ಲ ಚೆನ್ನಾಗಿತ್ತು. ಮೊದಲ ಕೆಲವು ವಾರ ಮಧ್ಯಾಹ್ನ ಕಣ್ಣು ಎಳೆಯುತ್ತಿತ್ತು, ಅದು ತಾನಾಗೇ ಕಡಿಮೆಯಾಯಿತು.

ಕಡಿಮೆಯಾಗದೆ ಉಳಿದದ್ದು ಸಿಟ್ಟು. ಸಿಟ್ಟು ಅಂದರೆ ಏನು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಚೀಟಿಯಲ್ಲಿ 'ಕಿರಿಕಿರಿ' ಅಂತ ಬರೆದಿರುತ್ತದೆ, ಅದನ್ನು ಓದಿದವರಿಗೆ ಇದರ ಅಂದಾಜು ಸಿಗುವುದಿಲ್ಲ. ತಮ್ಮ ನನ್ನ ಮೊಬೈಲ್ ಚಾರ್ಜರ್ ತೆಗೆದು ತನ್ನದನ್ನು ಹಾಕಿದ್ದ, ಅಷ್ಟೇ. ನನ್ನ ಕಿವಿ ಬಿಸಿಯಾಯಿತು, ದವಡೆ ಬಿಗಿಯಿತು, ಬಾಯಿಂದ ಬಂದ ಮಾತು ನಾನು ಯಾವತ್ತೂ ಆಡದ ಮಾತು. ಆಡುವಾಗಲೇ ಗೊತ್ತಾಗುತ್ತಿತ್ತು ಇದು ಜಾಸ್ತಿ ಆಯ್ತು ಅಂತ, ಆದರೆ ನಿಲ್ಲಿಸಲು ಆಗುತ್ತಿರಲಿಲ್ಲ. ಅವನು ಚಾರ್ಜರ್ ವಾಪಸ್ ಹಾಕಿ ಸುಮ್ನೆ ಹೊರಗೆ ಹೋದ. ಸಂಜೆ ಬಂದು, 'ಅಕ್ಕಾ, ನೀನು ಮಾತ್ರೆ ಶುರು ಮಾಡಿದ ಮೇಲೆ ಹೀಗಾಗಿದ್ದೀಯ, ಡಾಕ್ಟರಿಗೆ ಹೇಳು' ಅಂದ. ನಾನು ಇದನ್ನೆಲ್ಲ ಕಾಯಿಲೆಯ ಬೇಜಾರು ಅಂತ ಅಂದುಕೊಂಡಿದ್ದೆ. ದೊಡ್ಡ ವಯಸ್ಸಿನಲ್ಲಿ ಹೀಗೊಂದು ಕಾಯಿಲೆ ತಗುಲಿಕೊಂಡರೆ ಯಾರಿಗೆ ತಾನೇ ಬೇಜಾರಾಗಲ್ಲ, ಅಲ್ವಾ? ಬೇಜಾರು ಯಾವುದು, ಮಾತ್ರೆ ಯಾವುದು ಅಂತ ಒಳಗಿನಿಂದ ಬಿಡಿಸಿ ನೋಡುವುದು ತುಂಬಾ ಕಷ್ಟ. ಹೊರಗಿನವರಿಗೆ ತಾರೀಖು ನೆನಪಿರುತ್ತದೆ.

ಡಾಕ್ಟರು ಆಶ್ಚರ್ಯ ಪಡಲಿಲ್ಲ. ಇದು ಈ ಮಾತ್ರೆಯ ಗೊತ್ತಿರುವ ತೊಂದರೆ, ಎಲ್ಲರಿಗೂ ಆಗುವುದಿಲ್ಲ, ಆದವರಿಗೆ ಬದಲಾಯಿಸುತ್ತೇವೆ ಅಂದರು. ಕೆಲವರಿಗೆ ಸಿಟ್ಟಿಗಿಂತ ಖಿನ್ನತೆ ಬರುತ್ತದೆ, ಸಾಯುವ ಯೋಚನೆಯೂ ಬರಬಹುದು, ಹಾಗೇನಾದರೂ ಆದರೆ ಮುಂದಿನ ಭೇಟಿಯ ತನಕ ಕಾಯದೆ ಅವತ್ತೇ ತಿಳಿಸಿ ಅಂತಲೂ ಹೇಳಿದರು. ಈ ಮಾತನ್ನು ಮೊದಲ ಚೀಟಿ ಬರೆದ ದಿನವೇ ಹೇಳಬೇಕಿತ್ತು ಅನ್ನುವುದು ನನ್ನ ದೂರು.

ಲ್ಯಾಮೋಟ್ರಿಜಿನ್ ಬಂದ ದಿನವೇ ಗೊತ್ತಾಗಿದ್ದು, ಇದಕ್ಕೆ ತಾಳ್ಮೆ ಬೇಕು ಅಂತ. ಇದೊಂದನ್ನೇ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ದಿನಕ್ಕೆ 25 ಮಿಲಿಗ್ರಾಂ, ಎರಡು ವಾರ. ಆಮೇಲೆ 50, ಮತ್ತೆ ಎರಡು ವಾರ. ಹೀಗೆ ಮೆಟ್ಟಿಲು ಹತ್ತಿದ ಹಾಗೆ. ಫಿಟ್ಸ್‌ಗೇ ಕೊಡುವ ಇನ್ನೊಂದು ಮಾತ್ರೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವವರಿಗೆ ಇದಕ್ಕಿಂತಲೂ ನಿಧಾನ. ಅವಸರ ಮಾಡಿದರೆ ಮೈಮೇಲೆ ದದ್ದು ಏಳುವ ಅಪಾಯ ಹೆಚ್ಚು. ಅಪರೂಪಕ್ಕೆ ಅದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಆಗಿ ಚರ್ಮ, ಬಾಯಿ, ಕಣ್ಣು ಎಲ್ಲ ಸುಲಿದು ಹೋಗುವಷ್ಟು ಗಂಭೀರವಾಗುತ್ತದೆ, ಹೆಚ್ಚಾಗಿ ಮೊದಲ 8 ವಾರಗಳಲ್ಲಿ. ಆ ಸಮಯದಲ್ಲಿ ಸೊಳ್ಳೆ ಕಚ್ಚಿದ ಗುರುತನ್ನೂ ದೀಪದ ಕೆಳಗೆ ಹಿಡಿದು ನೋಡಿದ್ದೇನೆ. ನನಗೆ ದದ್ದು ಬರಲಿಲ್ಲ. ಇನ್ನೊಂದು ವಿಷಯ: ಕೆಲವು ದಿನ ಬಿಟ್ಟುಹೋದರೆ ಹಳೆಯ ಡೋಸ್‌ಗೆ ನೇರವಾಗಿ ಮರಳುವ ಹಾಗಿಲ್ಲ, ಡಾಕ್ಟರನ್ನು ಕೇಳಿ, ಬೇಕಾದರೆ ಮತ್ತೆ ಕೆಳಗಿನಿಂದ ಶುರು.

ಈ ಮೆಟ್ಟಿಲು ಹತ್ತುವಷ್ಟು ದಿನವೂ ಹಳೆಯ ಮಾತ್ರೆ ಮುಂದುವರಿಯಿತು, ಅಂದರೆ ಸಿಟ್ಟೂ ಮುಂದುವರಿಯಿತು. ಹೊಸದು ಸಾಕಷ್ಟು ಏರಿದ ಮೇಲೆ ಹಳೆಯದನ್ನು ಇಳಿಸಿದರು. ಇಳಿಸುತ್ತಾ ಬಂದ ಹಾಗೆ ಮನೆಯಲ್ಲಿ ಎಲ್ಲರೂ ಸ್ವಲ್ಪ ಜೋರಾಗಿ ಮಾತಾಡಲು ಶುರು ಮಾಡಿದರು. ಅಷ್ಟು ದಿನ ನನ್ನ ಎದುರು ಪಿಸುಗುಡುತ್ತಿದ್ದರು ಅಂತ ಆಗಲೇ ಗಮನಕ್ಕೆ ಬಂದಿದ್ದು.

ಲ್ಯಾಮೋಟ್ರಿಜಿನ್‌ಗೆ ತೊಂದರೆ ಇಲ್ಲ ಅಂತಲ್ಲ. ರಾತ್ರಿ ಹೊತ್ತು ನಿದ್ದೆ ತೆಳ್ಳಗಾಯಿತು, ಕನಸುಗಳು ವಿಪರೀತ. ನಿದ್ದೆ ಕೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುವುದರಿಂದ ಇದು ಸಣ್ಣ ವಿಷಯ ಅಲ್ಲ. ಸಂಜೆಯ ಮಾತ್ರೆಯನ್ನು ಸ್ವಲ್ಪ ಬೇಗ ತಗೊಳ್ಳಿ ಅಂದರು, ಅದರಿಂದ ಪರವಾಗಿಲ್ಲ ಅನಿಸಿತು. ಹೆಂಗಸರು ಇನ್ನೊಂದು ಮಾತು ಗಮನಿಸಬೇಕು. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತದಲ್ಲಿನ ಲ್ಯಾಮೋಟ್ರಿಜಿನ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸಿಬಿಡಬಹುದು. ಬಸಿರಿನಲ್ಲೂ ಮಟ್ಟ ಇಳಿಯುತ್ತದೆ, ಆಗ ಡೋಸ್ ಸರಿಮಾಡಬೇಕಾಗುತ್ತದೆ. ಹಾಗಿದ್ದರೂ ಮಗುವಿನ ದೃಷ್ಟಿಯಿಂದ ಈ ಎರಡೂ ಮಾತ್ರೆಗಳು ವಾಲ್‌ಪ್ರೊಯೇಟ್‌ಗಿಂತ ಎಷ್ಟೋ ಮೇಲು.

ನನ್ನ ಅನುಭವ ಒಬ್ಬಳದ್ದು. ದೊಡ್ಡ ಮಟ್ಟದ ಹೋಲಿಕೆಯೂ ಇದೆ: ಬ್ರಿಟನ್ನಿನ ಸನಾಡ್-2 ಅಧ್ಯಯನ, 2021ರಲ್ಲಿ ಪ್ರಕಟವಾಯಿತು. ನನ್ನ ಥರದ, ಒಂದು ಭಾಗದಲ್ಲಿ ಶುರುವಾಗುವ ಫಿಟ್ಸ್‌ಗೆ ಮೊದಲ ಮಾತ್ರೆಯಾಗಿ ಲ್ಯಾಮೋಟ್ರಿಜಿನ್ ಇರಲಿ ಅನ್ನುವ ಕಡೆಗೇ ಅದು ವಾಲಿತು. ಆದರೂ ಒಂದರ ಹಿಂದೆ ಒಂದು ಫಿಟ್ಸ್ ಬರುತ್ತಿರುವವರಿಗೆ ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿ ಅಂದರೆ ಹೇಗೆ? ಅಲ್ಲಿ ಲೆವೆಟಿರಾಸಿಟಮ್‌ನ ವೇಗಕ್ಕೆ ಬೆಲೆ ಇದೆ. ನನಗೂ ಆ ಮೊದಲ ತಿಂಗಳುಗಳಲ್ಲಿ ಅದೇ ಬೇಕಿತ್ತೇನೋ.

ಮಾತ್ರೆ ನೆನಪಿಡುವುದಕ್ಕೆ ಮೊಬೈಲ್ ಅಲಾರಂ, ವಾರದ ಡಬ್ಬಿ ಎರಡನ್ನೂ ನೋಡಿದೆ. ಡಬ್ಬಿಯೇ ಗೆದ್ದಿತು. ಅಲಾರಂ ಆಫ್ ಮಾಡಿದ್ದು ನೆನಪಿರುತ್ತದೆ, ನುಂಗಿದ್ದು ನೆನಪಿರುವುದಿಲ್ಲ. ಡಬ್ಬಿಯ ಮುಚ್ಚಳ ತೆರೆದರೆ ಗುಂಡಿ ಖಾಲಿ ಇದೆಯೋ ಇಲ್ಲವೋ ಕಾಣುತ್ತದೆ, ವಾದವೇ ಇಲ್ಲ. ಕೈಗೆ ಕಟ್ಟುವ ಫಿಟ್ಸ್ ವಾಚು ನನ್ನಂಥವರಿಗೆ ದಂಡ, ಅದು ಮೈ ಅದುರುವುದನ್ನು ಹಿಡಿಯುತ್ತದೆ, ಸುಮ್ಮನೆ ಕೂತಲ್ಲೇ ಕಳೆದುಹೋಗುವುದನ್ನಲ್ಲ. ಅದಕ್ಕಿಂತ ತಮ್ಮ ಮೊಬೈಲಿನಲ್ಲಿ ತೆಗೆದ ಒಂದು ಸಣ್ಣ ವಿಡಿಯೋ ಡಾಕ್ಟರಿಗೆ ಹೆಚ್ಚು ಉಪಯೋಗಕ್ಕೆ ಬಂತು. ನನ್ನ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ, ನಾರ್ಮಲ್ ಬಂದಿತ್ತು. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಹಾಗೆ ಬರುವುದುಂಟು.

ನಿಮಗೂ ಈ ಎರಡರಲ್ಲಿ ಒಂದನ್ನು ಬರೆದುಕೊಡುವುದಾದರೆ ಹೊರಡುವ ಮೊದಲು ಇಷ್ಟು ಕೇಳಿಕೊಳ್ಳಿ: ನನ್ನದು ಯಾವ ಥರದ ಫಿಟ್ಸ್, ಒಂದು ಹೊತ್ತು ಮರೆತರೆ ಏನು ಮಾಡಬೇಕು, ದದ್ದು ಬಂದರೆ ಯಾರಿಗೆ ಫೋನ್ ಮಾಡಬೇಕು. ಜೊತೆಗೆ ಮನೆಯವರೊಬ್ಬರನ್ನು ಒಳಗೆ ಕರೆದುಕೊಂಡು ಹೋಗಿ, ಸ್ವಭಾವ ಬದಲಾದರೆ ಹೇಳುವ ಕೆಲಸ ಅವರದ್ದು ಅಂತ ಡಾಕ್ಟರ ಎದುರೇ ಒಪ್ಪಿಸಿಬಿಡಿ.