‘ಸೀಸನ್ ಆದ ಮರ’ ಅಂದ್ರು, ಇಳಿಸಿದ್ದು ಹಸಿ ಹಲಗೆ: ಕಾಟೇಜ್ ಕಿಟ್ ತರಿಸೋ ಮುಂಚೆ ಇದನ್ನ ಓದಿ

ತೋಟದ ಮೂಲೆಯಲ್ಲಿ ಪುಟ್ಟದೊಂದು ಮರದ ಕಾಟೇಜ್ ನಿಲ್ಲಿಸಬೇಕು ಅಂತ ಕಿಟ್ (ಕೊಯ್ದು ತಯಾರಾದ ಹಲಗೆ ತರಿಸಿ ಜೋಡಿಸೋದು) ನೋಡ್ತಾ ಇರೋರಿಗೆ ಈ ಬರಹ. ಹಲಗೆ ಇಳಿಸಿದ ದಿನವೇ, ಡೆಲಿವರಿ ಚೀಟಿಗೆ ಸಹಿ ಹಾಕೋ ಮುಂಚೆ, ಒಂದು ಹಲಗೆ ಅಡ್ಡಕ್ಕೆ ಕೊಯ್ದು ಒಳಗಡೆ ತೇವಾಂಶ ನೋಡಿ. ಮೇಲ್ಮೈಯಲ್ಲಿ ಅಲ್ಲ. ಒಳಗಡೆ. ನಾವು ಮೇಲ್ಮೈಯಲ್ಲಿ ನೋಡಿ ಖುಷಿಯಾಗಿ ಸಹಿ ಹಾಕಿದ್ವಿ. ಈಗ ತೆರೆಯದ ಬಾಗಿಲು, ಆಚೆಯ ಬೆಳಕು ಕಾಣೋ ಗೋಡೆ, ಫೋನ್ ಎತ್ತದ ಮಾರಾಟಗಾರ.

ಕಿಟ್ ಎಂಥದ್ದು ಅಂತ ಬಲ್ಲವರಿಗೆ ಎರಡೇ ಮಾತು ಸಾಕು. 4 ಮೀಟರ್ ಉದ್ದ, 3 ಮೀಟರ್ ಅಗಲ. 44 ಮಿಮೀ ದಪ್ಪದ ಹಲಗೆ, ಒಂದು ಅಂಚಲ್ಲಿ ನಾಲಿಗೆ, ಇನ್ನೊಂದರಲ್ಲಿ ತೋಡು, ಮೂಲೆಯಲ್ಲಿ ಕಚ್ಚು ಹಾಕಿ ಒಂದರ ಮೇಲೊಂದು ಪೇರಿಸೋದು. ಒಂದೊಂದು ಹಲಗೆ 140 ಮಿಮೀ ಎತ್ತರ, 15 ಸಾಲು ಪೇರಿಸಿದ್ರೆ 2.1 ಮೀಟರ್ ಗೋಡೆ. ಮಾತಾಡಿದ್ದು ‘ಕಿಲ್ನ್‌ನಲ್ಲಿ ಒಣಗಿಸಿದ್ದು, ತೇವಾಂಶ 14ರಿಂದ 16 ಪರ್ಸೆಂಟ್’ (ಕಿಲ್ನ್ ಅಂದ್ರೆ ಮರ ಒಣಗಿಸೋ ಬಿಸಿ ಕೋಣೆ). ಬಾಯಿಮಾತಲ್ಲಿ. ಬಿಲ್ಲಲ್ಲಿ ಬರೆದಿದ್ದು ಬರೀ ‘ಸೀಸನ್ಡ್’, ಅಂದ್ರೆ ಒಣಗಿಸಿದ್ದು, ಎಷ್ಟು ಅಂತ ಇಲ್ಲ. ಈ ಎರಡರ ನಡುವಿನ ವ್ಯತ್ಯಾಸದಲ್ಲೇ ಇಡೀ ಮೋಸ ಕೂತಿತ್ತು, ಕಣ್ಣಿಗೆ ಬೀಳಲಿಲ್ಲ. ಬಳ್ಳಿ ಹಬ್ಬಿದ ಜಗಲಿ, ಕಿಟಕಿ ಪಕ್ಕ ಕುರ್ಚಿ ಇರೋ ಫೋಟೋ ತೋರಿಸಿದ್ರೆ ಯಾರ ಬುದ್ಧಿ ನೆಟ್ಟಗಿರುತ್ತೆ ಹೇಳಿ.

ಮೊದಲ ಸುಳಿವು ಲಾರಿಯಲ್ಲೇ ಇತ್ತು. ಹಲಗೆಗಳ ಕಂತೆಗೆ ಸುತ್ತಿದ್ದ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರ ಹನಿ. ಹೊರಮೈಯಲ್ಲಿದ್ರೆ ಇಬ್ಬನಿ ಅನ್ನಬಹುದು. ಒಳಮೈಯಲ್ಲಿ ಸಾಲಾಗಿ ಹನಿ ನಿಂತಿದೆ ಅಂದ್ರೆ ಅದು ಮರದಿಂದಲೇ ಹೊರಟ ನೀರು. ಕೇಳಿದ್ದಕ್ಕೆ, ‘ರಾತ್ರಿಯೆಲ್ಲ ಗಾಡಿ ಹೊರಗಡೆ ನಿಂತಿತ್ತು ಸಾರ್, ಅದಕ್ಕೇ.’ ಸರಿ ಅಂದ್ವಿ. ತೇವಾಂಶ ಅಳೆಯೋ ಪಿನ್ ಮೀಟರ್ ಚುಚ್ಚಿದ್ರೆ 17 ತೋರಿಸ್ತು. ಅದೂ ಸರಿ ಅಂದ್ವಿ. ಚೋಟುದ್ದದ ಪಿನ್ನು ಹೊರಗಿನ ಎರಡು ಮೂರು ಮಿಲಿಮೀಟರ್ ಕಥೆ ಮಾತ್ರ ಹೇಳುತ್ತೆ. ಹಸಿ ಮರವನ್ನ ಎರಡು ದಿನ ಗಾಳಿಗೆ ಹರಡಿದ್ರೂ ಮೇಲ್ಮೈ ಒಣಗಿರುತ್ತೆ, ಹೊಟ್ಟೆ ಒದ್ದೆಯಾಗೇ ಇರುತ್ತೆ.

ಆರು ವಾರ ಕಳೀತು. ಬಾಗಿಲು ಉಜ್ಜೋಕೆ ಶುರು. ಕೀಸುಳಿ ಹಾಕಿ ಅಂಚು ತೆಗೆದಿದ್ದಾಯ್ತು, ನಾಲ್ಕೇ ದಿನಕ್ಕೆ ಮತ್ತೆ ಬಿಗಿ. ಬಾಗಿಲು ಉಬ್ಬಿದ್ದೇ ಅಲ್ಲ, ಚೌಕಟ್ಟಿನ ತಲೆ ಮೇಲೆ ಗೋಡೆ ಕೂತುಬಿಟ್ಟಿತ್ತು. ಬಾಗಿಲ ಮೇಲಿನ ಉದ್ದ ಹಲಗೆಗಳು ಚೌಕಟ್ಟಿನ ಮೇಲೆ ನಿಂತವು, ಬಾಗಿಲ ಪಕ್ಕದ ತುಂಡು ಹಲಗೆಗಳು ಕುಗ್ಗುತ್ತಾ ಕೆಳಗಿಳೀತಾ ಹೋದವು. ಎರಡರ ನಡುವೆ ಬೆರಳು ತೂರೋ ಸಂದು. ಮಳೆ ಬಂದ್ರೆ ನೇರವಾಗಿ ಒಳಕ್ಕೆ.

ಇದು ಯಾಕಾಗುತ್ತೆ ಅಂತ ಲೆಕ್ಕ ಹಾಕಿ ನೋಡಿ. ಮರ ಸುಮಾರು 28ರಿಂದ 30 ಪರ್ಸೆಂಟ್ ತೇವಾಂಶಕ್ಕೆ ಇಳಿಯೋವರೆಗೂ ಕುಗ್ಗೋದೇ ಇಲ್ಲ. ಅಲ್ಲಿಂದ ಕೆಳಗೆ ಇಳಿದಂತೆಲ್ಲ ಕುಗ್ಗುತ್ತೆ. ಉದ್ದಕ್ಕೆ ಲೆಕ್ಕಕ್ಕೇ ಇಲ್ಲ, ಅಗಲಕ್ಕೆ ಮಾತ್ರ. ಬೆಳವಣಿಗೆ ಉಂಗುರದ ಜೊತೆಜೊತೆಗೆ ಆಗೋ ಕುಗ್ಗುವಿಕೆ, ಉಂಗುರಕ್ಕೆ ಅಡ್ಡಲಾಗಿ ಆಗೋದರ ಸುಮಾರು ಎರಡರಷ್ಟು. ಎರಡೂ ಬಗೆಯ ಕುಗ್ಗುವಿಕೆ ಸೇರಿ ಸರಾಸರಿ 3 ಪರ್ಸೆಂಟ್ ಅಂತ ಹಿಡೀರಿ, 28ರಿಂದ 14ಕ್ಕೆ ಇಳಿಯೋವಾಗ. 140 ಮಿಮೀ ಹಲಗೆಗೆ 4 ಮಿಮೀ ಚಿಲ್ಲರೆ. ಹದಿನೈದು ಹಲಗೆಗೆ 60 ಮಿಮೀ. ಗೋಡೆ 60 ಮಿಮೀ ಕೆಳಗಿಳಿಯುತ್ತೆ! ಹೇಳಿದ ಹಾಗೆ 16ರಲ್ಲಿ ಬಂದಿದ್ದಿದ್ರೆ ಇಳಿತ 10 ಮಿಮೀ ಆಸುಪಾಸು. ಕಿಟ್ಟಿನ ನಕ್ಷೆಯಲ್ಲಿ ಬಾಗಿಲ ಮೇಲೆ ಬಿಟ್ಟಿದ್ದ ಜಾಗ 25 ಮಿಮೀ. ಒಣಗಿದ ಮರಕ್ಕೆ ಧಾರಾಳ, ಹಸಿ ಮರಕ್ಕೆ ಯಾವ ಮೂಲೆಗೆ?

ಆ 25 ಮಿಲಿಮೀಟರನ್ನೂ ಮಾರಾಟಗಾರರ ಜೋಡಿಸೋ ಹುಡುಗರು ಫೋಮ್ ಹೊಡೆದು ತುಂಬಿಸಿಬಿಟ್ಟಿದ್ರು. ‘ಗಾಳಿ ಬರಲ್ಲ ನೋಡಿ ಸಾರ್, ಪ್ಯಾಕ್!’ ಉಬ್ಬಿ ಗಟ್ಟಿಯಾಗೋ ಫೋಮ್ ಅಂದ್ರೆ ಕಂಬ ಕೊಟ್ಟ ಹಾಗೆ, ಗೋಡೆ ಕೆಳಗಿಳಿಯೋಕೇ ಬಿಡಲ್ಲ. ಸಾಲದ್ದಕ್ಕೆ ಚೌಕಟ್ಟಿನಿಂದ ಎರಡೂ ಪಕ್ಕದ ಹಲಗೆಗಳಿಗೆ ಸ್ಕ್ರೂ ಬಿಗಿದಿದ್ರು. ಪೇರಿಸಿದ ಹಲಗೆಯ ಗೋಡೆಯಲ್ಲಿ ಚೌಕಟ್ಟು ಕೆಳಗಿನ ಹಲಗೆಗೆ ಮಾತ್ರ ಅಂಟಿಕೊಂಡು, ಪಕ್ಕದಲ್ಲಿ ಸಡಿಲವಾಗಿ ನಿಲ್ಲಬೇಕು, ಗೋಡೆ ಅದರ ಪಕ್ಕ ಜಾರಿಕೊಂಡು ಇಳೀಬೇಕು. ಇದು ಈ ಕೆಲಸದ ಮೊದಲ ಪಾಠ. ದಿನಾ ಇದನ್ನೇ ಮಾಡೋರಿಗೆ ಗೊತ್ತಿರಲಿಲ್ಲ ಅಂದ್ರೆ ನಂಬೋಕೆ ಆಗುತ್ತಾ?

ಫೋನ್ ಮಾಡಿದ್ರೆ ಮೊದಲ ಉತ್ತರ: ‘ಮರ ಉಸಿರಾಡುತ್ತೆ ಸಾರ್, ಜೀವ ಇರೋ ವಸ್ತು ಅದು.’

ಎರಡನೇದು: ‘ನಿಮ್ಮ ನೆಲ ಸಮ ಇಲ್ಲ, ಅದಕ್ಕೇ ಬಾಗಿಲು ಹಿಡೀತಿದೆ.’ ನೆಲದ ಕಾಂಕ್ರೀಟ್ ಹಾಕಿದ್ದು ಅವರದೇ ಜನ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಇಲ್ಲಿ ಆ ನೆಲ ಮಾಡಿದ್ದೂ ಅವಳೇ. ಆದ್ರೂ ಟ್ಯೂಬ್ ಲೆವೆಲ್ ಹಿಡಿದು ನಾಲ್ಕೂ ಮೂಲೆ ಅಳೆದ್ವಿ. ವ್ಯತ್ಯಾಸ 4 ಮಿಮೀ. ಗೋಡೆಯ ಮೂಲೆಯಿಂದ ಮೂಲೆಗೆ ಕರ್ಣ ಎರಡೂ ಸರಿಯಾಗಿ 5 ಮೀಟರ್. ಅಳತೆಯ ಫೋಟೋ ಕಳಿಸಿದ್ವಿ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಅಷ್ಟರಲ್ಲಿ ಮಿಕ್ಕಿದ್ದ ಎರಡು ಹಲಗೆ ನೆನಪಾಯ್ತು, ಅದೇ ಪ್ಲಾಸ್ಟಿಕ್ಕಲ್ಲಿ ಸುತ್ತಿದ್ದ ಹಾಗೇ ಇದ್ದವು. ತುದಿಯಿಂದ ಅರ್ಧ ಮೀಟರ್ ಬಿಟ್ಟು ಕೊಯ್ದು (ತುದಿ ಯಾವತ್ತೂ ಬೇಗ ಒಣಗುತ್ತೆ, ಅಲ್ಲಿಯ ತುಂಡು ತಗೋಬೇಡಿ) ಒಂದು ಚೂರು ತೆಗೆದು ಕೂಡಲೇ ತೂಗಿದ್ವಿ. 262 ಗ್ರಾಂ. ಅವನ್‌ನಲ್ಲಿ 103 ಡಿಗ್ರಿಯಲ್ಲಿಟ್ಟು, ತೂಕ ಇಳಿಯೋದು ನಿಲ್ಲೋವರೆಗೂ ಮತ್ತೆ ಮತ್ತೆ ತೂಗಿದ್ರೆ ಕೊನೆಗೆ ನಿಂತಿದ್ದು 204 ಗ್ರಾಂ. ಹೋದ ನೀರು 58 ಗ್ರಾಂ. ಅದನ್ನ ಒಣ ತೂಕದಿಂದ ಭಾಗಿಸಬೇಕು, ಒದ್ದೆ ತೂಕದಿಂದ ಅಲ್ಲ. 58 ಭಾಗಿಸು 204. 28.4 ಪರ್ಸೆಂಟ್. ‘ಕಿಲ್ನ್‌ನಲ್ಲಿ ಒಣಗಿಸಿದ್ದು’! ಮೂಗಿಗೆ ತುಪ್ಪ ಸವರಿಸಿಕೊಂಡಿದ್ದು ಹೀಗೆ ಗ್ರಾಂ ಲೆಕ್ಕದಲ್ಲಿ ಗೊತ್ತಾದ್ರೆ ಹೊಟ್ಟೆ ಉರಿಯೋದು ಬೇರೇನೇ ಥರ.

ಅಲ್ಲಿಗೆ ಮುಗೀಲಿಲ್ಲ. ನೆಲಹಾಸಿನ ಕೆಳಗಿನ ತೊಲೆಗಳು ‘ಪ್ರೆಶರ್ ಟ್ರೀಟೆಡ್’ (ಕೊಳೆಯದಿರಲಿ ಅಂತ ಒತ್ತಡದಲ್ಲಿ ಔಷಧಿ ತುಂಬಿದ್ದು), ಹಸಿರು ಬಣ್ಣ, ನೋಡೋಕೆ ಭರ್ಜರಿ. ಅದರದ್ದೂ ಒಂದು ತುಂಡು ಮಿಕ್ಕಿತ್ತು, ಅದನ್ನೂ ನಡುವೆ ಕೊಯ್ದ್ವಿ. ಹಸಿರು ಇದ್ದಿದ್ದು ಸಿಪ್ಪೆಯಷ್ಟು, ಒಂದು ಮಿಲಿಮೀಟರೂ ಇಲ್ಲ. ಒಳಗೆಲ್ಲ ಹಾಲಿನಂಥ ಬಿಳಿ. ಇದಕ್ಕೆ ಬಂದ ಉತ್ತರ ಕೇಳಿ: ‘ಚೇಗಿನೊಳಗೆ ಔಷಧಿ ಇಳಿಯಲ್ಲ ಸಾರ್, ಎಲ್ಲಾ ಮರದಲ್ಲೂ ಹಾಗೇನೇ.’ ಅರ್ಧ ಸತ್ಯ. ಚೇಗಿಗೆ, ಅಂದ್ರೆ ಮರದ ನಡುವಿನ ಗಟ್ಟಿ ಭಾಗಕ್ಕೆ, ಇಳಿಯೋದು ಕಷ್ಟ ನಿಜ. ಆದ್ರೆ ಚೇಗಿನ ಸುತ್ತ ಇರೋ ಬಿಳಿ ಮರಕ್ಕೆ ಒತ್ತಡದಲ್ಲಿ ಔಷಧಿ ಆಳವಾಗಿ ಇಳಿಯುತ್ತೆ, ಇಳೀಲೇಬೇಕು. ನಮ್ಮ ತುಂಡಲ್ಲಿ ಬಣ್ಣ ಹತ್ತದೇ ಇದ್ದಿದ್ದೇ ಆ ಬಿಳಿ ಮರಕ್ಕೆ. ಅಂದ್ರೆ ತೊಟ್ಟಿಯಲ್ಲಿ ಅದ್ದಿ ತೆಗೆದಿದ್ದು, ಅಷ್ಟೇ. ಹಸಿ ಮರಕ್ಕೆ ಒತ್ತಡ ಕೊಟ್ರೂ ಔಷಧಿ ಒಳಗೆ ಹೋಗಲ್ಲ, ಮರದ ರಂಧ್ರಗಳಲ್ಲಿ ಮೊದಲೇ ನೀರು ತುಂಬಿರುತ್ತಲ್ಲ. ಮೊದಲು ಒಣಗಿಸಬೇಕು, ಆಮೇಲೆ ಟ್ರೀಟ್‌ಮೆಂಟ್. ಒಣಗಿಸೋ ಖರ್ಚು ಉಳಿಸಿದವರು ಟ್ರೀಟ್‌ಮೆಂಟ್ ಖರ್ಚನ್ನೂ ಹಾಗೇ ಉಳಿಸಿದ್ರು.

ಇನ್ನು ಪೇಂಟಿನ ವಿಷಯ. ಬರೆಯೋಕೇ ನಾಚಿಕೆ ಆಗುತ್ತೆ. ಜೋಡಿಸಿದ ಎರಡು ವಾರದೊಳಗೆ ಪೇಂಟ್ ಹೊಡೀದಿದ್ರೆ ವಾರಂಟಿ ಇಲ್ಲ ಅಂತ ಶರತ್ತು. ಹೊಡೆದ್ವಿ. ದಪ್ಪ ಪದರ ಕಟ್ಟೋ ಪೇಂಟು, ಅವರೇ ಹೇಳಿದ್ದು, ಎರಡು ಕೋಟು. ತಿಂಗಳೊಳಗೆ ಬಿಸಿಲು ಬೀಳೋ ಗೋಡೆ ಪೂರ್ತಿ ಗುಳ್ಳೆ. ಒಳಗಿನ ನೀರು ಹೊರಗೆ ಬರೋಕೆ ದಾರಿ ಇಲ್ಲದೆ ಪೇಂಟನ್ನೇ ಎತ್ತಿಬಿಟ್ಟಿದೆ. ಈ ಫೋಟೋ ಕಳಿಸಿದ್ದಕ್ಕೆ ಮಾತ್ರ ಅವರೇ ಫೋನ್ ಮಾಡಿದ್ರು. ಮಾಡಿದವರೇ ರೇಗಿ:

‘ಒದ್ದೆ ಮರಕ್ಕೆ ಯಾರಾದ್ರೂ ಪೇಂಟ್ ಹೊಡೀತಾರಾ?’

ಒಂದು ಕ್ಷಣ ಇಬ್ಬರೂ ಸುಮ್ಮನಾದ್ವಿ. ‘ಅಂದ್ರೆ ಮರ ಒದ್ದೆ ಇತ್ತು ಅಂತ ಒಪ್ಕೊಂಡ್ರಾ?’ ಅಂದಿದ್ದಕ್ಕೆ, ‘ನಾನು ಹಾಗೆ ಹೇಳಲಿಲ್ಲ, ನೀವು ಮಾತು ತಿರುಚಬೇಡಿ.’ ಕಟ್. ಆಮೇಲೆ ಬಂದಿದ್ದು ವಾರಂಟಿ ಪತ್ರದ ಒಂದು ಸಾಲಿನ ಫೋಟೋ ಮಾತ್ರ: ‘ಮರದ ಸಹಜ ಹಿಗ್ಗು-ಕುಗ್ಗುಗಳಿಗೆ ವಾರಂಟಿ ಅನ್ವಯಿಸುವುದಿಲ್ಲ.’ ಅರವತ್ತು ಮಿಲಿಮೀಟರ್ ಸಹಜವಂತೆ!

ಕಾಂಕ್ರೀಟ್ ಬಗ್ಗೆಯೂ ಹೇಳಬೇಕು. ಸಮ ಇತ್ತು, ಆದ್ರೆ ಅಳತೆ ತಪ್ಪು. ಗೋಡೆಗಿಂತ ಸುತ್ತಲೂ 150 ಮಿಮೀ ದೊಡ್ಡದಾಗಿ ಹಾಕಿದ್ರು, ‘ಕಟ್ಟೆ ಥರ ಚೆಂದ ಕಾಣುತ್ತೆ’ ಅಂತ. ಬೇಡವೇ ಬೇಡ. ಸೂರಿನ ನೀರು ಆ ಕಟ್ಟೆ ಮೇಲೆ ಬಿದ್ದು ಕೆಳಗಿನ ಹಲಗೆಗೆ ಸಿಡಿಯುತ್ತೆ, ನಿಂತ ನೀರು ಹಲಗೆಯ ಅಡಿಗೆ ಹರಿದು ಒಳಗೂ ಬರುತ್ತೆ. ಮೊದಲು ಕೊಳೆಯೋದು ಅದೇ ಸಾಲು. 20 ಪರ್ಸೆಂಟ್ ಮೇಲೆ ತೇವ ನಿಂತ್ರೆ ಕೊಳೆಸೋ ಶಿಲೀಂಧ್ರಕ್ಕೆ ಹಬ್ಬ. ಕಾಂಕ್ರೀಟು ಗೋಡೆಯ ಹೊರಮೈಗೆ ಸಮವಾಗಿ ಅಥವಾ ಕೂದಲೆಳೆ ಒಳಗೆ ಮುಗೀಬೇಕು, ಸುತ್ತ ಮಣ್ಣಿನಿಂದ 150 ಮಿಮೀ ಎತ್ತರ ಇರಬೇಕು, ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು, ಸೂರಿನಡಿ ಜಲ್ಲಿ ಪಟ್ಟಿ. ಈಗಾಗಲೇ ದೊಡ್ಡದಾಗಿ ಹಾಕಿಸಿಕೊಂಡಿದ್ರೆ, ಕೆಳಗಿನ ಹಲಗೆಯ ಅಡಿಯಿಂದ ಶುರುವಾಗಿ ಕಾಂಕ್ರೀಟಿನ ಅಂಚು ದಾಟಿ ಹೊರಕ್ಕೆ ಇಳಿಯೋ ಹಾಗೆ ಬಗ್ಗಿಸಿದ ತಗಡಿನ ಪಟ್ಟಿ ಕೂರಿಸಿ. ಜಾಕ್ ಕೊಟ್ಟು ಒಂದೊಂದೇ ಗೋಡೆ ಎತ್ತಿ ಮಾಡಬೇಕು, ಬೇಸರದ ಕೆಲಸ, ಆದ್ರೆ ಬೇರೆ ದಾರಿ ಇಲ್ಲ. ಸಿಲಿಕೋನ್ ಬಳಿದು ಸುಮ್ಮನಾಗಬೇಡಿ, ಅದು ಒಳಗೆ ಹೋದ ನೀರನ್ನ ಅಲ್ಲೇ ಹಿಡಿದಿಡುತ್ತೆ.

ಇದೇ ಗತಿ ಬಂದಿರೋರು ಮೊದಲು ಚೌಕಟ್ಟಿನ ಪಕ್ಕದ ಸ್ಕ್ರೂ ಎಲ್ಲ ತೆಗೀರಿ, ಕಿಟಕಿಯದ್ದೂ ಸೇರಿ. ಫೋಮನ್ನ ಉದ್ದ ಚಾಕುವಿನಿಂದ ಪೂರ್ತಿ ಕೆರೆದು ತೆಗೀರಿ, ಚೂರೂ ಉಳೀಬಾರದು. ಆಗ ಎಷ್ಟೋ ಸಲ ಗೋಡೆ ತಾನಾಗೇ ಲಟಕ್ ಅಂತ ಒಂದೆರಡು ಬೆರಳು ಕೂರುತ್ತೆ, ಹೆದರಬೇಡಿ. ಕೂರದಿದ್ರೆ ಮೇಲಿನ ಹಲಗೆ ಮೇಲೆ ಮರದ ತುಂಡಿಟ್ಟು ಕೊಡತಿಯಿಂದ ಮೂಲೆ ಮೂಲೆಗೆ ತಟ್ಟಿ. ಆಮೇಲೆ ಚೌಕಟ್ಟು ಹೊರಗೆಳೆದು, ಬಾಗಿಲ ಮೇಲಿನ ಹಲಗೆಯ ಕೆಳ ಅಂಚನ್ನ ಇನ್ನು ಇಳಿಯಬೇಕಾದಷ್ಟು ಕೊಯ್ದು, ಆ ಸಂದಿಗೆ ಉಣ್ಣೆಯಂಥ ಮೆತ್ತನೆಯದೇ ತುಂಬಿ. ಸಂದು ಮುಚ್ಚೋ ಪಟ್ಟಿಗೆ ಒಂದೇ ಕಡೆ ಮೊಳೆ, ಚೌಕಟ್ಟಿಗೆ ಇಲ್ಲಾ ಗೋಡೆಗೆ, ಎರಡಕ್ಕೂ ಹೊಡೆದ್ರೆ ಮತ್ತೆ ಅದೇ ಕಥೆ. ಗಾಳಿಗೆ ಹಾರದಿರಲಿ ಅಂತ ಗೋಡೆಗೆ ನಿಲ್ಲಿಸೋ ಉದ್ದ ಪಟ್ಟಿಗಳಲ್ಲಿ ಬೋಲ್ಟಿಗೆ ಉದ್ದ ತೂತು ಇರುತ್ತೆ, ಗೋಡೆ ಜಾರಲಿ ಅಂತಲೇ. ಬೋಲ್ಟ್ ಬಿಗಿದು ಅರ್ಧ ಸುತ್ತು ಸಡಿಲ ಬಿಡಿ. ಹೀಟರ್ ಇಟ್ಟು ಬೇಗ ಒಣಗಿಸೋಕೆ ಹೋಗಬೇಡಿ, ಒಳಮೈ ಮೊದಲು ಒಣಗಿ ಹಲಗೆ ದೋಣಿಯ ಹಾಗೆ ಬಾಗುತ್ತೆ, ಬಿರುಕೂ ಬಿಡುತ್ತೆ. ಕಿಟಕಿ ತೆರೆದಿಡಿ, ಕಾಯಿರಿ. ತೇವ 18ಕ್ಕಿಂತ ಕೆಳಗೆ ಬಂದ ಮೇಲೆ ತೇವ ಹೊರಗೆ ಬಿಡೋ ಮರದ ಸ್ಟೇನ್ ಹಚ್ಚಿ, ಪದರ ಕಟ್ಟೋ ಪೇಂಟ್ ಅಲ್ಲ. ಕೊಯ್ದ ತುದಿಗಳಿಗೆ ಎರಡು ಮೂರು ಸಲ.

ಹೊಸದಾಗಿ ತರಿಸೋರು ಬಿಲ್ಲಲ್ಲಿ ‘ಸೀಸನ್ಡ್’ ಅನ್ನೋ ಪದ ಒಪ್ಪಬೇಡಿ. ‘ಇಳಿಸುವ ದಿನ ಹಲಗೆಯ ಒಳಗಿನ ತೇವಾಂಶ 18 ಪರ್ಸೆಂಟ್ ಮೀರಿರಬಾರದು’ ಅಂತ ಅಂಕಿ ಬರೆಸಿ. ಬರೆಯೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಂದ ಎದ್ದು ಬನ್ನಿ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ನಾವು ಕೊಟ್ವಿ. ಹಲಗೆ ಎಷ್ಟು ಕುಗ್ಗಿದೆ ಅಂತ ಕಾಣೋಕೆ ಎರಡು ಮೂರು ತಿಂಗಳಾದ್ರೂ ಬೇಕು, ಕೊನೆ ಕಂತು ಅಷ್ಟು ದಿನ ಕೈಯಲ್ಲಿರಲಿ. ಮಿಕ್ಕ ತುಂಡುಗಳನ್ನ ಜೋಡಿಸೋ ಹುಡುಗರು ‘ಕಸ ಸಾರ್, ನಾವೇ ತಗೊಂಡು ಹೋಗ್ತೀವಿ’ ಅಂತ ಬಹಳ ಪ್ರೀತಿಯಿಂದ ಕೇಳ್ತಾರೆ. ಕೊಡಬೇಡಿ. ಒಂದೆರಡನ್ನ ಪ್ಲಾಸ್ಟಿಕ್ಕಲ್ಲಿ ಗಾಳಿ ಆಡದ ಹಾಗೆ ಬಿಗಿಯಾಗಿ ಸುತ್ತಿ, ಮೇಲೆ ತಾರೀಖು ಬರೆದು, ಅವರೆದುರೇ ಫೋಟೋ ತೆಗೆದಿಡಿ. ನಮ್ಮ ಕೈಯಲ್ಲಿ ಈಗ ಉಳಿದಿರೋ ಸಾಕ್ಷಿ ಆ ಮಿಕ್ಕ ತುಂಡುಗಳು ಮಾತ್ರ, ಅದೂ ಎತ್ತಿಕೊಂಡು ಹೋಗೋಕೆ ಅವರು ಮರೆತಿದ್ದರಿಂದ ಉಳಿದಿದ್ದು.